ನಿಮ್ಮದೇ ಫೈಲ್, ಆದರೂ ‘ಅನುಮತಿ ಇಲ್ಲ’: ಲಿನಕ್ಸ್ ಹೋಮ್ ಫೋಲ್ಡರ್ ಸರಿಪಡಿಸುವುದು ಹೇಗೆ?

ಎಣ್ಣೂರು (ಚೆನ್ನೈ): ನಿನ್ನೆಯವರೆಗೆ ತೆರೆಯುತ್ತಿದ್ದ ಪ್ರಾಜೆಕ್ಟ್ ಫೈಲ್ ಇಂದು ಸೇವ್ ಆಗುವುದಿಲ್ಲ. ಪಾಸ್‌ವರ್ಡ್ ಸರಿಯಾಗಿಯೇ ಇದೆ, ಆದರೂ ಲಾಗಿನ್ ಪರದೆ ಒಮ್ಮೆ ಮಿನುಗಿ ಮತ್ತೆ ಪಾಸ್‌ವರ್ಡ್ ಕೇಳುತ್ತದೆ. ಡೆಸ್ಕ್‌ಟಾಪ್ ಮೇಲಿನ ಫೋಲ್ಡರ್‌ಗೆ ಬೀಗದ ಗುರುತು ಬಿದ್ದಿದೆ. ಲಿನಕ್ಸ್ ಬಳಸುವವರಿಗೆ ಒಂದಲ್ಲ ಒಂದು ದಿನ ಎದುರಾಗುವ ತೊಂದರೆಗಳಿವು. ಹೆಚ್ಚಿನ ಸಂದರ್ಭಗಳಲ್ಲಿ ಫೈಲ್ ಹಾಳಾಗಿರುವುದಿಲ್ಲ, ಅದರ ಮಾಲೀಕರ ಹೆಸರು ಮಾತ್ರ ಬದಲಾಗಿರುತ್ತದೆ.

ಈ ತೊಂದರೆ ಸರ್ವರ್ ನೋಡಿಕೊಳ್ಳುವ ಎಂಜಿನಿಯರ್‌ಗಳಿಗೆ ಮಾತ್ರ ಸೀಮಿತವಲ್ಲ. ತಮಿಳುನಾಡು ಸರ್ಕಾರ 2011ರ ಸೆಪ್ಟೆಂಬರ್ 15ರಂದು ಆರಂಭಿಸಿದ ಉಚಿತ ಲ್ಯಾಪ್‌ಟಾಪ್ ಯೋಜನೆಯಡಿ ಸರ್ಕಾರಿ ಮತ್ತು ಅನುದಾನಿತ ಶಾಲೆ, ಕಾಲೇಜುಗಳ ವಿದ್ಯಾರ್ಥಿಗಳಿಗೆ ಸಿಕ್ಕ ಯಂತ್ರಗಳಲ್ಲಿ ವಿಂಡೋಸ್ ಜತೆಗೆ ‘ಬಾಸ್’ ಲಿನಕ್ಸ್ ಕೂಡ ಇರುತ್ತಿತ್ತು. ಬಂದರು ಮತ್ತು ಕಾರ್ಖಾನೆಗಳ ನಡುವಿನ ಎಣ್ಣೂರಿನಂಥ ಉತ್ತರ ಚೆನ್ನೈನ ಊರುಗಳಲ್ಲಿ ಅನೇಕ ಮನೆಗಳಿಗೆ ಅದೇ ಮೊದಲ ಕಂಪ್ಯೂಟರ್. ‘ಭಾರತ್ ಆಪರೇಟಿಂಗ್ ಸಿಸ್ಟಮ್ ಸೊಲ್ಯೂಷನ್ಸ್’ ಎಂಬುದರ ಮೊಟಕು ರೂಪವಾದ ಬಾಸ್, ಸಿ-ಡ್ಯಾಕ್ ಸಂಸ್ಥೆಯ ಚೆನ್ನೈ ಕೇಂದ್ರದಲ್ಲಿ ಡೆಬಿಯನ್ ಆಧರಿಸಿ ರೂಪುಗೊಂಡಿತು. ಕನ್ನಡ ಸೇರಿದಂತೆ ಭಾರತೀಯ ಭಾಷೆಗಳನ್ನು ಅದು ಬೆಂಬಲಿಸುತ್ತದೆ. ಇತ್ತ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳೂ ಲ್ಯಾಬ್‌ನಲ್ಲಿ ಕಲಿಯುವುದು ಲಿನಕ್ಸ್‌ನಲ್ಲೇ. ಕೇರಳ ಶಿಕ್ಷಣ ಇಲಾಖೆಯ ‘ಕೈಟ್’ ಸಂಸ್ಥೆ ಉಬುಂಟು ಆಧರಿಸಿ ಸಿದ್ಧಪಡಿಸಿದ ಆವೃತ್ತಿ ಅಲ್ಲಿ ಬಳಕೆಯಲ್ಲಿದೆ. ಒಂದೇ ಯಂತ್ರವನ್ನು ಅಣ್ಣ, ತಂಗಿ, ಸಹಪಾಠಿಗಳು ಹಂಚಿಕೊಳ್ಳುವ ಇಂಥ ಕಡೆಗಳಲ್ಲಿ ಮಾಲೀಕತ್ವದ ಗೊಂದಲ ಬೇಗ ಹುಟ್ಟುತ್ತದೆ. ಅವಸರದಲ್ಲಿ ಮಾಡಿದ ರಿಪೇರಿ ಇಡೀ ವರ್ಷದ ಕೆಲಸವನ್ನೇ ಅಪಾಯಕ್ಕೆ ಒಡ್ಡುವುದೂ ಉಂಟು.

ಕೆಳಗಿನ ಆದೇಶಗಳನ್ನು ಕನ್ನಡ ಲಿಪಿಯಲ್ಲಿ ಕೊಡಲಾಗಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ದೊಡ್ಡ ಅಕ್ಷರ ಬೇಕಾದ ಕಡೆ ಹಾಗೆಂದು ಹೇಳಿದೆ. ‘ಗೀತಾ’ ಎಂಬುದು ಉದಾಹರಣೆಯ ಹೆಸರು. ಆ ಜಾಗದಲ್ಲಿ ನಿಮ್ಮ ಲಾಗಿನ್ ಹೆಸರನ್ನು ಹಾಕಿಕೊಳ್ಳಿ.

ಮೊದಲು ಸಂದೇಶ ಓದಿ

ಸೇವ್ ಆಗಲಿಲ್ಲ ಎಂದಾಕ್ಷಣ ಅದು ಅನುಮತಿಯದೇ ಸಮಸ್ಯೆ ಎಂದುಕೊಳ್ಳಬೇಡಿ. ಟರ್ಮಿನಲ್ ತೋರಿಸುವ ಸಂದೇಶಗಳಲ್ಲಿ ನಾಲ್ಕು ಬಗೆಗಳಿವೆ. ‘ಪರ್ಮಿಷನ್ ಡಿನೈಡ್’ ಎಂದರೆ ಮಾಲೀಕತ್ವ ಅಥವಾ ಅನುಮತಿಯ ತೊಡಕು. ‘ರೀಡ್-ಓನ್ಲಿ ಫೈಲ್ ಸಿಸ್ಟಮ್’ ಎಂದಿದ್ದರೆ ಇಡೀ ಡಿಸ್ಕ್ ಅಥವಾ ಅದರ ಒಂದು ಭಾಗಕ್ಕೆ ಬರೆಯುವುದು ನಿಂತಿದೆ. ಅಲ್ಲಿ ಮಾಲೀಕರ ಹೆಸರು ಬದಲಿಸಿ ಪ್ರಯೋಜನವಿಲ್ಲ. ‘ನೋ ಸ್ಪೇಸ್ ಲೆಫ್ಟ್’ ಎಂದರೆ ಜಾಗ ತುಂಬಿದೆ. ‘ಡಿಎಫ್ -ಎಚ್’ ಎಂದು ಕೊಟ್ಟರೆ ಎಷ್ಟು ಜಾಗ ಉಳಿದಿದೆ ಎಂಬುದು ತಿಳಿಯುತ್ತದೆ. ನಾಲ್ಕನೆಯದು ‘ಆಪರೇಷನ್ ನಾಟ್ ಪರ್ಮಿಟೆಡ್’. ನಿಮ್ಮದಲ್ಲದ ಫೈಲಿನ ಅನುಮತಿ ಬದಲಿಸಲು ಹೋದಾಗ ಸಾಮಾನ್ಯವಾಗಿ ಇದು ಬರುತ್ತದೆ. ಆದರೆ ರೂಟ್ ಆಗಿ ಮಾಡಿದರೂ ಇದೇ ಉತ್ತರ ಬಂದರೆ ಆ ಫೈಲಿಗೆ ‘ಬದಲಿಸಲಾಗದು’ ಎಂಬ ಪ್ರತ್ಯೇಕ ಗುರುತು ಹಚ್ಚಿರಬಹುದು. ‘ಎಲ್‌ಎಸ್‌ಎಟಿಟಿಆರ್’ ಆದೇಶ ಆ ಗುರುತನ್ನು ತೋರಿಸುತ್ತದೆ, ‘ಸುಡೊ ಸಿಎಚ್‌ಎಟಿಟಿಆರ್ -ಐ’ ಅದನ್ನು ತೆಗೆಯುತ್ತದೆ.

ಹತ್ತು ವರ್ಷ ದಾಟಿದ ಲ್ಯಾಪ್‌ಟಾಪ್‌ಗಳಲ್ಲಿ ಎರಡನೆಯ ಸಂದೇಶವನ್ನು ಹಗುರವಾಗಿ ಕಾಣಬಾರದು. ಡಿಸ್ಕ್‌ನಲ್ಲಿ ದೋಷ ಕಂಡಾಗ ಇನ್ನಷ್ಟು ಹಾನಿಯಾಗದಿರಲೆಂದು ಲಿನಕ್ಸ್ ಅದನ್ನು ಓದಲು ಮಾತ್ರ ಬಿಟ್ಟುಕೊಡುವಂತೆ ಸಾಮಾನ್ಯವಾಗಿ ಹೊಂದಿಸಿರುತ್ತಾರೆ. ಆಗ ಮೊದಲ ಕೆಲಸ ಫೈಲ್‌ಗಳನ್ನು ಬೇರೆ ಡಿಸ್ಕ್‌ಗೆ ನಕಲು ಮಾಡಿಕೊಳ್ಳುವುದು. ರಿಪೇರಿಯ ಮಾತು ಆಮೇಲೆ.

ಖಾತೆ ಯಾರ ಹೆಸರಿನಲ್ಲಿದೆ?

ಜಮೀನನ್ನು ಉಳುವವರು ಯಾರೇ ಇರಲಿ, ಕಚೇರಿಯಲ್ಲಿ ಕೆಲಸ ಆಗುವುದು ಪಹಣಿಯಲ್ಲಿ ಯಾರ ಹೆಸರಿದೆಯೋ ಅವರಿಗೆ. ಲಿನಕ್ಸ್ ನಡೆಯುವುದೂ ಹಾಗೆಯೇ. ಪ್ರತಿ ಫೈಲಿಗೆ ಒಬ್ಬ ಮಾಲೀಕ, ಒಂದು ಗುಂಪು ಇರುತ್ತದೆ. ಮಾಲೀಕ, ಗುಂಪಿನವರು, ಉಳಿದವರು ಎಂಬ ಮೂರು ವರ್ಗಗಳಿಗೆ ಓದುವ, ಬರೆಯುವ, ಚಲಾಯಿಸುವ ಹಕ್ಕನ್ನು ಬೇರೆ ಬೇರೆಯಾಗಿ ಕೊಡಬಹುದು. ಓದಲು 4, ಬರೆಯಲು 2, ಚಲಾಯಿಸಲು 1. ಇವನ್ನು ಕೂಡಿದಾಗ ಬರುವುದೇ 755, 644, 600 ಎಂಬಂಥ ಅಂಕಿಗಳು. 644 ಎಂದರೆ ಮಾಲೀಕರು ಓದಿ ಬರೆಯಬಹುದು, ಉಳಿದವರು ಬರೀ ಓದಬಹುದು. ಮಾಲೀಕರನ್ನು ಬದಲಿಸುವ ‘ಸಿಎಚ್‌ಓನ್’, ಅನುಮತಿ ಬದಲಿಸುವ ‘ಸಿಎಚ್‌ಮಾಡ್’ ಆದೇಶಗಳು 1971ರ ಮೊದಲ ಯೂನಿಕ್ಸ್ ಕೈಪಿಡಿಯಲ್ಲೇ ಇವೆ. ಅರ್ಧ ಶತಮಾನ ಕಳೆದರೂ ಅವುಗಳ ಕೆಲಸ ಹೆಚ್ಚೇನೂ ಬದಲಾಗಿಲ್ಲ.

ಫೋಲ್ಡರ್ ವಿಷಯದಲ್ಲಿ ಈ ಹಕ್ಕುಗಳ ಅರ್ಥ ಸ್ವಲ್ಪ ಬೇರೆ. ಇಲ್ಲಿಯೇ ಹೆಚ್ಚಿನವರು ಎಡವುವುದು. ಫೋಲ್ಡರ್‌ಗೆ ‘ಚಲಾಯಿಸುವ’ ಹಕ್ಕು ಎಂದರೆ ಒಳಗೆ ಹೋಗುವ ಹಕ್ಕು. ಅದಿಲ್ಲದಿದ್ದರೆ ಒಳಗಿನ ಫೈಲ್ ನಿಮ್ಮದೇ ಆಗಿದ್ದರೂ ಮುಟ್ಟಲು ಬಾರದು. ಎಲ್ಲವನ್ನೂ ಒಟ್ಟಿಗೆ 644 ಮಾಡಿದವರು ತಮ್ಮ ಫೋಲ್ಡರ್‌ಗಳಿಂದ ತಾವೇ ಹೊರಗುಳಿಯುವುದು ಇದೇ ಕಾರಣಕ್ಕೆ. ಇನ್ನೊಂದು ಸಂಗತಿ: ಫೈಲನ್ನು ಅಳಿಸುವ ಅಥವಾ ಅದರ ಹೆಸರು ಬದಲಿಸುವ ಹಕ್ಕು ಬರುವುದು ಫೈಲಿನಿಂದಲ್ಲ, ಅದು ಇರುವ ಫೋಲ್ಡರ್‌ನಿಂದ. ಹೋಮ್ ಫೋಲ್ಡರ್ ಗೀತಾಳದ್ದಾದರೆ ಅದರೊಳಗೆ ರೂಟ್ ಹೆಸರಿನಲ್ಲಿರುವ ಫೈಲನ್ನೂ ಆಕೆ ಬೇರೆ ಹೆಸರಿಗೆ ಸರಿಸಿಡಬಲ್ಲಳು. ಅಡ್ಮಿನ್ ಪಾಸ್‌ವರ್ಡ್ ಇಲ್ಲದ ವಿದ್ಯಾರ್ಥಿಗಳಿಗೆ ಇದು ಬಹಳ ಉಪಯೋಗಕ್ಕೆ ಬರುವ ನಿಯಮ. ಹೇಗೆ ಎಂಬುದು ಲಾಗಿನ್ ವಿಷಯ ಬಂದಾಗ ಸ್ಪಷ್ಟವಾಗುತ್ತದೆ.

ಮಾಲೀಕರ ಹೆಸರನ್ನು ಡಿಸ್ಕ್‌ನಲ್ಲಿ ಅಕ್ಷರಗಳಲ್ಲಿ ಬರೆದಿರುವುದಿಲ್ಲ. ಅಲ್ಲಿರುವುದು ಒಂದು ಸಂಖ್ಯೆ. ರೂಟ್‌ಗೆ 0. ಡೆಬಿಯನ್, ಉಬುಂಟು, ಫೆಡೋರಾಗಳಲ್ಲಿ ಮೊದಲು ಸೇರಿದ ಬಳಕೆದಾರರಿಗೆ 1000, ನಂತರದವರಿಗೆ 1001, ಹೀಗೆ. ಹಳೆಯ ರೆಡ್ ಹ್ಯಾಟ್ ಆವೃತ್ತಿಗಳಲ್ಲಿ ಇದು 500ರಿಂದ ಶುರುವಾಗುತ್ತಿತ್ತು. ಒಂದು ಮನೆಯಲ್ಲಿ ಮೊದಲು ಅಣ್ಣನ ಖಾತೆ, ಆಮೇಲೆ ತಂಗಿಯ ಖಾತೆ ತೆರೆದಿದ್ದಾರೆ ಎಂದುಕೊಳ್ಳಿ. ಮುಂದೆ ಸಿಸ್ಟಮ್ ಹೊಸದಾಗಿ ಹಾಕಿದಾಗ ಹೋಮ್ ಭಾಗವನ್ನು ಹಾಗೆಯೇ ಉಳಿಸಿಕೊಂಡು, ತಂಗಿಯ ಖಾತೆಯನ್ನು ಮೊದಲು ತೆರೆದರೆ 1000 ಈಗ ಆಕೆಯ ಪಾಲಾಗುತ್ತದೆ. ಅಣ್ಣನ ಫೈಲ್‌ಗಳೆಲ್ಲ ತಂಗಿಯ ಹೆಸರಿನಲ್ಲಿ, ತಂಗಿಯವು ಅಣ್ಣನ ಹೆಸರಿನಲ್ಲಿ ಕಾಣಿಸತೊಡಗುತ್ತವೆ. ಡಿಸ್ಕ್‌ನಲ್ಲಿ ಒಂದಕ್ಷರವೂ ಬದಲಾಗಿರುವುದಿಲ್ಲ. ‘ಎಲ್‌ಎಸ್ -ಎಲ್‌ಎನ್’ ಎಂದು ಕೊಟ್ಟು ಸಂಖ್ಯೆಗಳನ್ನೂ, ‘ಐಡಿ’ ಎಂದು ಕೊಟ್ಟು ನಿಮ್ಮ ಸಂಖ್ಯೆಯನ್ನೂ ಹೋಲಿಸಿ ನೋಡಿದರೆ ಗುಟ್ಟು ಬಯಲಾಗುತ್ತದೆ.

ತಪ್ಪಿನ ಮೂಲ: ಎಲ್ಲದಕ್ಕೂ ‘ಸುಡೊ’

ಅತಿ ಸಾಮಾನ್ಯ ಕಾರಣ ಮಾತ್ರ ಬೇರೆಯೇ. ಕೆಲಸ ಆಗುತ್ತಿಲ್ಲ ಎಂದಾಗ ಆದೇಶದ ಹಿಂದೆ ‘ಸುಡೊ’ ಸೇರಿಸುವ ಅಭ್ಯಾಸ. ಸುಡೊ ಎಂದರೆ ಆ ಹೊತ್ತಿಗೆ ರೂಟ್ ಆಗಿ ಕೆಲಸ ಮಾಡುವುದು. ಟೆಕ್ಸ್ಟ್ ಎಡಿಟರನ್ನೋ ಫೈಲ್ ಮ್ಯಾನೇಜರನ್ನೋ ಹಾಗೆ ತೆರೆದರೆ ಅದು ಹೋಮ್ ಫೋಲ್ಡರಿನಲ್ಲಿ ತನ್ನ ಸೆಟ್ಟಿಂಗ್ ಫೈಲ್‌ಗಳನ್ನು ರೂಟ್ ಹೆಸರಿನಲ್ಲಿ ಬರೆದಿಡಬಹುದು. ಮರುದಿನ ಅದೇ ಪ್ರೋಗ್ರಾಮನ್ನು ಮಾಮೂಲಿನಂತೆ ತೆರೆದಾಗ ತನ್ನದೇ ಸೆಟ್ಟಿಂಗ್ ಅದಕ್ಕೆ ಸಿಗುವುದಿಲ್ಲ.

ಉಬುಂಟುವಿನಲ್ಲಿ ಬಹಳ ಕಾಲ ಸುಡೊ ಬಳಸಿದಾಗಲೂ ‘ಹೋಮ್’ ಎಂದರೆ ಬಳಕೆದಾರರ ಹೋಮ್ ಎಂದೇ ಉಳಿಯುತ್ತಿತ್ತು. 19.10 ಆವೃತ್ತಿಯಿಂದ ಅದು ರೂಟ್‌ನ ಹೋಮ್ ಆಗಿ ಬದಲಾಯಿತು, ಈ ಬಗೆಯ ಅವಘಡವೂ ಕಡಿಮೆಯಾಯಿತು. ಹಳೆಯ ಆವೃತ್ತಿ ನಡೆಸುತ್ತಿರುವ ಯಂತ್ರಗಳಲ್ಲಿ ಅಪಾಯ ಈಗಲೂ ಇದೆ. ಪ್ರೋಗ್ರಾಮಿಂಗ್ ಕಲಿಯುವವರು ‘ಸುಡೊ ಎನ್‌ಪಿಎಂ’, ‘ಸುಡೊ ಪಿಪ್’ ಎಂದು ಓಡಿಸಿದಾಗಲೂ, ಡಾಕರ್ ಕಂಟೇನರ್ ಹೋಮ್ ಒಳಗಿನ ಫೋಲ್ಡರ್‌ಗೆ ಬರೆದಾಗಲೂ ರೂಟ್ ಹೆಸರಿನ ಫೈಲ್‌ಗಳು ಉಳಿದುಬಿಡುತ್ತವೆ. ಸಿಸ್ಟಮ್ ಫೈಲನ್ನು ತಿದ್ದಲೇಬೇಕಿದ್ದರೆ ‘ಸುಡೊ -ಇ’ ಬಳಸುವುದು ಲೇಸು. ಅದು ಫೈಲಿನ ತಾತ್ಕಾಲಿಕ ಪ್ರತಿಯನ್ನು ನಿಮ್ಮ ಹೆಸರಿನಲ್ಲೇ ತೆರೆದು, ಮುಗಿದ ಮೇಲೆ ಜಾಗಕ್ಕೆ ಸೇರಿಸುತ್ತದೆ.

ಪತ್ತೆ ಮೊದಲು, ಖಾತೆ ಬದಲಾವಣೆ ನಂತರ

ರಿಪೇರಿಗೆ ಇಳಿಯುವ ಮುನ್ನ ಎಷ್ಟು ಕೆಟ್ಟಿದೆ ಎಂದು ನೋಡಬೇಕು. ಹೋಮ್ ಫೋಲ್ಡರ್ ಯಾರ ಹೆಸರಿನಲ್ಲಿದೆ ಎಂಬುದನ್ನು ಈ ಆದೇಶ ಹೇಳುತ್ತದೆ:

ಎಲ್‌ಎಸ್ -ಎಲ್‌ಡಿ ~

ಬರುವ ಸಾಲಿನಲ್ಲಿ ಮೊದಲ ಹತ್ತು ಅಕ್ಷರಗಳು ಅನುಮತಿ, ಮೂರನೆಯ ಕಾಲಂ ಮಾಲೀಕ, ನಾಲ್ಕನೆಯದು ಗುಂಪು. ಅನುಮತಿಯ ಕೊನೆಗೆ ‘+’ ಗುರುತು ಇದ್ದರೆ ಎಸಿಎಲ್ ಎಂಬ ಹೆಚ್ಚುವರಿ ಅನುಮತಿ ಪಟ್ಟಿಯೂ ಅದಕ್ಕಿದೆ ಎಂದರ್ಥ. ಒಳಗೆ ನಿಮ್ಮದಲ್ಲದ ಫೈಲ್‌ಗಳು ಯಾವುವು ಎಂದು ತಿಳಿಯಲು:

ಸುಡೊ ಫೈಂಡ್ /ಹೋಮ್/ಗೀತಾ -ನಾಟ್ -ಯೂಸರ್ ಗೀತಾ -ಎಲ್‌ಎಸ್

ಇದು ಏನನ್ನೂ ಬದಲಿಸುವುದಿಲ್ಲ, ಪಟ್ಟಿ ಮಾತ್ರ ಕೊಡುತ್ತದೆ. ಈ ಒಂದು ಹೆಜ್ಜೆಯನ್ನು ಬಿಟ್ಟು ಮುಂದೆ ಹೋಗುವವರೇ ಹೆಚ್ಚು, ಸಣ್ಣ ತೊಂದರೆ ದೊಡ್ಡದಾಗುವುದೂ ಅಲ್ಲಿಂದಲೇ. ಪಟ್ಟಿಯಲ್ಲಿ ಎರಡೇ ಫೈಲ್ ಇದ್ದರೆ ಆ ಎರಡನ್ನೇ ಸರಿಪಡಿಸಿ. ಇಡೀ ಹೋಮ್ ಮೇಲೆ ಆದೇಶ ಓಡಿಸುವ ಅಗತ್ಯವೇ ಇಲ್ಲ. ಬೇರೆಯವರ ಹೆಸರಿನಲ್ಲಿ ಇರಬೇಕಾದ ಫೈಲ್‌ಗಳೂ ಕೆಲವೊಮ್ಮೆ ಇರುತ್ತವೆ ಎಂಬುದು ನೆನಪಿರಲಿ. ಪಾಡ್‌ಮ್ಯಾನ್‌ನಂಥ ಕಂಟೇನರ್ ಸಾಧನಗಳು ಹೋಮ್ ಒಳಗೆ 1,00,000ಕ್ಕೂ ದೊಡ್ಡ ಸಂಖ್ಯೆಗಳ ಮಾಲೀಕತ್ವದಲ್ಲಿ ಫೈಲ್ ಇಡುತ್ತವೆ. ಅವನ್ನು ಬದಲಿಸಿದರೆ ಕಂಟೇನರ್ ಕೆಟ್ಟೀತು.

ಮಾಲೀಕತ್ವ ಬದಲಿಸಿದ ಮೇಲೆ ಹಿಂದಕ್ಕೆ ಹೋಗುವ ಬಟನ್ ಇಲ್ಲ. ಆದ್ದರಿಂದ ‘ಎಸಿಎಲ್’ ಪ್ಯಾಕೇಜ್ ಇದ್ದರೆ ಹೋಮ್ ಫೋಲ್ಡರ್ ಒಳಗೆ ನಿಂತು ಈಗಿನ ಸ್ಥಿತಿಯ ನಕಲನ್ನು ತೆಗೆದಿಟ್ಟುಕೊಳ್ಳುವುದು ಜಾಣತನ:

ಸುಡೊ ಗೆಟ್‌ಎಫ್‌ಎಸಿಎಲ್ -ಆರ್ . > ಪಟ್ಟಿ

ಇಲ್ಲಿ ‘ಆರ್’ ದೊಡ್ಡ ಅಕ್ಷರ. ಹೋಮ್‌ನಲ್ಲಿ ಬರೆಯಲು ಬಾರದಿದ್ದರೆ ಪಟ್ಟಿಯನ್ನು ಪೆನ್‌ಡ್ರೈವ್‌ಗೆ ಕಳಿಸಿ. ಎಡವಟ್ಟಾದರೆ ಅದೇ ಜಾಗದಲ್ಲಿ ನಿಂತು ‘ಸುಡೊ ಸೆಟ್‌ಎಫ್‌ಎಸಿಎಲ್ --ರಿಸ್ಟೋರ್=ಪಟ್ಟಿ’ ಎಂದರೆ ಮಾಲೀಕರು, ಗುಂಪು, ಅನುಮತಿ ಮೂರೂ ಮೊದಲಿನಂತಾಗುತ್ತವೆ.

ಈಗ ಖಾತೆ ಬದಲಾವಣೆ. ಹೋಮ್ ಪೂರ್ತಿ ನಿಮ್ಮ ಹೆಸರಿಗೇ ಬರಬೇಕು ಎಂದು ಖಚಿತವಾಗಿದ್ದರೆ:

ಸುಡೊ ಸಿಎಚ್‌ಓನ್ -ಆರ್ ಗೀತಾ: /ಹೋಮ್/ಗೀತಾ

ಇಲ್ಲೂ ‘ಆರ್’ ದೊಡ್ಡ ಅಕ್ಷರ, ಒಳಗಿನದೆಲ್ಲವೂ ಸೇರಿ ಎಂದು ಅರ್ಥ. ಹೆಸರಿನ ಮುಂದಿನ ‘:’ ಚಿಹ್ನೆಯಿಂದ ಗುಂಪು ಕೂಡ ಗೀತಾಳ ಮೂಲ ಗುಂಪಿಗೆ ಮರಳುತ್ತದೆ. ಇದಕ್ಕೆ ಸುಡೊ ಬೇಕೇ ಬೇಕು. ತನ್ನ ಫೈಲನ್ನು ಇನ್ನೊಬ್ಬರ ಹೆಸರಿಗೆ ಬರೆದುಕೊಡುವ ಅಧಿಕಾರ ಲಿನಕ್ಸ್‌ನಲ್ಲಿ ಸಾಮಾನ್ಯ ಬಳಕೆದಾರರಿಗಿಲ್ಲ. ಅಣ್ಣ–ತಂಗಿಯ ಸಂಖ್ಯೆ ಅದಲುಬದಲಾದ ಮನೆಯಲ್ಲಾದರೆ ಇದೇ ಆದೇಶವನ್ನು ಇಬ್ಬರ ಫೋಲ್ಡರ್‌ಗಳ ಮೇಲೂ ಅವರವರ ಹೆಸರು ಹಾಕಿ ಒಂದೊಂದು ಸಲ ಓಡಿಸಿದರೆ ಸಾಕು.

ಮಾಲೀಕತ್ವ ಸರಿಯಾದ ಮೇಲೂ ತೆರೆಯದಿದ್ದರೆ ಮಾತ್ರ ಅನುಮತಿಯತ್ತ ನೋಡಿ. ಫೈಲ್ ನಿಮ್ಮದಾದ್ದರಿಂದ ಇಲ್ಲಿ ಸುಡೊ ಬೇಡ:

ಸಿಎಚ್‌ಮಾಡ್ -ಆರ್ ಯು+ಆರ್‌ಡಬ್ಲ್ಯೂಎಕ್ಸ್ ~

ಮೊದಲ ‘ಆರ್’ ಮತ್ತು ಕೊನೆಯ ‘ಎಕ್ಸ್’ ದೊಡ್ಡ ಅಕ್ಷರಗಳು. ದೊಡ್ಡ ಎಕ್ಸ್‌ನ ಗುಣ ಏನೆಂದರೆ, ಅದು ಫೋಲ್ಡರ್‌ಗಳಿಗೂ ಮೊದಲೇ ಚಲಾಯಿಸುವ ಹಕ್ಕಿದ್ದ ಫೈಲ್‌ಗಳಿಗೂ ಮಾತ್ರ ಆ ಹಕ್ಕು ಕೊಡುತ್ತದೆ. ಕವನದ ಫೈಲು, ಫೋಟೊಗಳೆಲ್ಲ ಪ್ರೋಗ್ರಾಮ್ ಆಗಿಬಿಡುವುದಿಲ್ಲ.

777 ಎಂಬ ಅಡ್ಡದಾರಿ

ಲಿನಕ್ಸ್ ಬಳಸುವವರ ನಡುವೆ ಬಾಯಿಂದ ಬಾಯಿಗೆ ಹರಡಿರುವ ಸಲಹೆಯೊಂದಿದೆ: ‘777 ಕೊಟ್ಟುಬಿಡು, ಎಲ್ಲಾ ಸರಿಹೋಗುತ್ತೆ’. ಬೀಗ ಹಿಡಿದುಕೊಂಡಿತೆಂದು ಬಾಗಿಲನ್ನೇ ಕಿತ್ತುಹಾಕುವ ಉಪಾಯವಿದು. ಆ ಯಂತ್ರದಲ್ಲಿ ಖಾತೆ ಇರುವ ಯಾರು ಬೇಕಾದರೂ ನಿಮ್ಮ ಫೈಲನ್ನು ಓದಬಹುದು, ತಿದ್ದಬಹುದು, ಅಳಿಸಬಹುದು. ಫೈರ್‌ಫಾಕ್ಸ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳು ಹೋಮ್ ಒಳಗೇ ಇರುತ್ತವೆ. ಪ್ರೈಮರಿ ಪಾಸ್‌ವರ್ಡ್ ಇಟ್ಟಿಲ್ಲದಿದ್ದರೆ ಆ ಫೋಲ್ಡರ್‌ನ ನಕಲೇ ಸಾಕು, ಅವೆಲ್ಲ ಬೇರೆಯವರ ಕೈಗೆ ಹೋದಂತೆ.

ಅಷ್ಟೇ ಅಲ್ಲ, 777 ಕೊಟ್ಟ ಮೇಲೆ ಚೆನ್ನಾಗಿ ನಡೆಯುತ್ತಿದ್ದ ಕೆಲಸಗಳೂ ನಿಲ್ಲುತ್ತವೆ. ಬೇರೆ ಕಂಪ್ಯೂಟರಿಗೆ ಸುರಕ್ಷಿತವಾಗಿ ಸಂಪರ್ಕಿಸುವ ಎಸ್‌ಎಸ್‌ಎಚ್, ತನ್ನ ಖಾಸಗಿ ಕೀಲಿಯನ್ನು ಇತರರೂ ಓದಬಹುದಾದ ಸ್ಥಿತಿಯಲ್ಲಿದ್ದರೆ ಬಳಸಲು ಒಪ್ಪುವುದಿಲ್ಲ. ಕೀಲಿಗೆ ರಕ್ಷಣೆಯಿಲ್ಲ ಎಂದು ದಪ್ಪಕ್ಷರದಲ್ಲಿ ಎಚ್ಚರಿಸಿ ಸುಮ್ಮನಾಗುತ್ತದೆ. ಹೋಮ್ ಫೋಲ್ಡರ್‌ಗೆ ಬೇರೆಯವರೂ ಬರೆಯುವಂತಿದ್ದರೆ ಸರ್ವರ್ ಬದಿಯಿಂದಲೂ ಕೀಲಿಯ ಲಾಗಿನ್ ತಿರಸ್ಕೃತವಾಗುತ್ತದೆ.

ಆಗಲೇ 777 ಕೊಟ್ಟುಬಿಟ್ಟವರಿಗೆ ಒಂದು ಸುಲಭದ ದಾರಿಯಿದೆ. ಪ್ರತಿ ಫೈಲಿನ ಮೂಲ ಅನುಮತಿ ಏನಿತ್ತೆಂದು ಹುಡುಕುತ್ತ ಕೂರುವ ಬದಲು, ಗುಂಪಿನ ಮತ್ತು ಉಳಿದವರ ಹಕ್ಕನ್ನೆಲ್ಲ ಒಮ್ಮೆಗೇ ಹಿಂತೆಗೆದುಕೊಳ್ಳಬಹುದು:

ಸಿಎಚ್‌ಮಾಡ್ -ಆರ್ ಜಿಓ-ಆರ್‌ಡಬ್ಲ್ಯೂಎಕ್ಸ್ ~

ಇಲ್ಲಿ ಮೊದಲ ‘ಆರ್’ ಮಾತ್ರ ದೊಡ್ಡದು. ಇದಾದ ಮೇಲೆ ಹೋಮ್ ಒಳಗಿನದು ಮಾಲೀಕರಿಗೆ (ಮತ್ತು ರೂಟ್‌ಗೆ) ಮಾತ್ರ ಕಾಣುತ್ತದೆ, ಎಸ್‌ಎಸ್‌ಎಚ್ ಕೂಡ ತಕರಾರು ತೆಗೆಯುವುದಿಲ್ಲ. ಫೋಟೊ, ಪತ್ರಗಳ ಮೇಲೂ ಮಾಲೀಕರ ‘ಚಲಾಯಿಸುವ’ ಹಕ್ಕು ಉಳಿದುಕೊಳ್ಳುತ್ತದೆ, ನೋಡಲು ಅಂದವಲ್ಲ, ಆದರೆ ಹಾನಿಯೂ ಇಲ್ಲ. ಹೋಮ್ ಒಳಗಿನ ಯಾವುದಾದರೂ ಫೋಲ್ಡರನ್ನು ವೆಬ್ ಸರ್ವರ್ ಅಥವಾ ಮನೆಯ ಇನ್ನೊಬ್ಬರು ಓದಬೇಕಿದ್ದರೆ ಅದೊಂದಕ್ಕೆ, ಮತ್ತು ಅಲ್ಲಿಗೆ ಹೋಗುವ ದಾರಿಯ ಫೋಲ್ಡರ್‌ಗಳಿಗೆ, ಮತ್ತೆ ಅನುಮತಿ ಕೊಡಬೇಕಾಗುತ್ತದೆ.

ಲಾಗಿನ್ ಆಗದಿದ್ದರೆ

ಪಾಸ್‌ವರ್ಡ್ ಒಪ್ಪಿಕೊಂಡು ಮತ್ತೆ ಲಾಗಿನ್ ಪರದೆಗೇ ತಂದು ಬಿಡುವ ತೊಂದರೆಗೆ ಹಲವು ಕಾರಣಗಳಿರಬಹುದು. ಹಳೆಯ ಯಂತ್ರಗಳಲ್ಲಿ ಮೊದಲು ಶಂಕಿಸಬೇಕಾದುದು ಹೋಮ್ ಒಳಗಿನ ‘.ಎಕ್ಸ್‌ಅಥಾರಿಟಿ’ ಎಂಬ ಅಡಗಿದ ಫೈಲನ್ನು (ಇಂಗ್ಲಿಷಿನಲ್ಲಿ ಅದರ ಎಕ್ಸ್ ದೊಡ್ಡಕ್ಷರ). ಡೆಸ್ಕ್‌ಟಾಪ್ ಶುರುವಾಗಲು ಅದಕ್ಕೆ ಬರೆಯಬೇಕು. ಅದು ರೂಟ್ ಪಾಲಾಗಿದ್ದರೆ ಶುರುವಾಗದು.

ಕಂಟ್ರೋಲ್, ಆಲ್ಟ್, ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಕಪ್ಪು ಪರದೆಯ ಲಾಗಿನ್ ಬರುತ್ತದೆ. ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ. ಪಾಸ್‌ವರ್ಡ್ ಟೈಪ್ ಮಾಡುವಾಗ ಪರದೆಯ ಮೇಲೆ ಏನೂ ಕಾಣುವುದಿಲ್ಲ, ಗಾಬರಿ ಬೇಡ. ‘ಎಲ್‌ಎಸ್ -ಎಲ್‌ಎ’ ಎಂದು ನೋಡಿದಾಗ ಆ ಫೈಲಿನ ಮುಂದೆ ‘ರೂಟ್’ ಎಂದಿದ್ದರೆ ಕಳ್ಳ ಸಿಕ್ಕಂತೆ. ಅಡ್ಮಿನ್ ಹಕ್ಕಿದ್ದವರು ಸಿಎಚ್‌ಓನ್ ಮಾಡಬಹುದು. ಇಲ್ಲದವರು ಫೋಲ್ಡರ್‌ನ ನಿಯಮ ನೆನೆದು, ‘ಎಂವಿ’ ಆದೇಶದಿಂದ ಆ ಫೈಲಿಗೆ ಬೇರೆ ಹೆಸರು ಕೊಟ್ಟರೆ ಆಯಿತು. ಮುಂದಿನ ಲಾಗಿನ್‌ನಲ್ಲಿ ಸಿಸ್ಟಮ್ ಹೊಸದನ್ನು ತಾನೇ ಬರೆದುಕೊಳ್ಳುತ್ತದೆ. ಹೋಮ್ ಫೋಲ್ಡರೇ ರೂಟ್ ಹೆಸರಿನಲ್ಲಿದ್ದರೆ ಮಾತ್ರ ಈ ಉಪಾಯ ನಡೆಯದು. ‘ಡಿಎಫ್ -ಎಚ್’ ಇಲ್ಲೂ ಒಮ್ಮೆ ನೋಡಿ. ಡಿಸ್ಕ್ ತುಂಬಿದ್ದರೂ ಲಕ್ಷಣ ಇದೇ.

ಸುಡೊ ಕೂಡ ಕೈಕೊಟ್ಟಿದ್ದರೆ ಉಬುಂಟು ಕುಟುಂಬದಲ್ಲಿ ಬೂಟ್ ಆಗುವಾಗ ಸಿಗುವ ರಿಕವರಿ ಮೋಡ್‌ನಿಂದ ರೂಟ್ ಶೆಲ್‌ಗೆ ಹೋಗಬಹುದು. ಅಲ್ಲಿ ಡಿಸ್ಕ್ ಓದಲು ಮಾತ್ರ ತೆರೆದಿರಬಹುದಾದ್ದರಿಂದ ‘ಮೌಂಟ್ -ಓ ರಿಮೌಂಟ್,ಆರ್‌ಡಬ್ಲ್ಯೂ /’ ಎಂದು ಮೊದಲು ಕೊಡಬೇಕು. ರೂಟ್ ಶೆಲ್‌ನಲ್ಲಿ ‘~’ ಎಂದರೆ ರೂಟ್‌ನ ಮನೆ, ನಿಮ್ಮದಲ್ಲ. ಆದ್ದರಿಂದ ಪೂರ್ತಿ ದಾರಿಯನ್ನು ಬರೆಯಿರಿ.

ಒಂದು ಖಾಲಿ ಜಾಗದ ಬೆಲೆ

‘/ಹೋಮ್/ಗೀತಾ’ ಎಂದು ಬರೆಯುವಾಗ ಮೊದಲ ಓರೆಗೆರೆಯ ನಂತರ ಅಕಸ್ಮಾತ್ ಸ್ಪೇಸ್ ಬಿದ್ದರೆ ಆದೇಶ ಇಡೀ ಸಿಸ್ಟಮ್ ಮೇಲೆ ಓಡುತ್ತದೆ. ಫೈಲ್ ಅಳಿಸುವ ‘ಆರ್‌ಎಂ’ ಆದೇಶ ಇಂಥ ಸಂದರ್ಭದಲ್ಲಿ ತಡೆಯುತ್ತದೆ. ಸಿಎಚ್‌ಓನ್, ಸಿಎಚ್‌ಮಾಡ್‌ಗಳಿಗೆ ಆ ತಡೆ ತಾನಾಗಿ ಇರುವುದಿಲ್ಲ. ‘--ಪ್ರಿಸರ್ವ್-ರೂಟ್’ ಎಂದು ಸೇರಿಸಿದರೆ ಮಾತ್ರ ಬರುತ್ತದೆ. ಅಡಗಿದ ಫೈಲ್‌ಗಳನ್ನೆಲ್ಲ ಹಿಡಿಯಲು ‘.*’ ಬಳಸುವುದೂ ಅಪಾಯ. ಹಳೆಯ ಶೆಲ್‌ಗಳಲ್ಲಿ ಅದು ಮೇಲಿನ ಫೋಲ್ಡರನ್ನೂ ಸೇರಿಸಿಕೊಂಡು ಮನೆಮಂದಿಯ ಹೋಮ್‌ಗಳನ್ನೆಲ್ಲ ನಿಮ್ಮ ಹೆಸರಿಗೆ ಮಾಡಿಬಿಡುತ್ತದೆ.

ಇಡೀ ಸಿಸ್ಟಮ್‌ನ ಮಾಲೀಕತ್ವ ಬದಲಾದರೆ ಮೊದಲು ಹೋಗುವುದು ಸುಡೊ. ಅದರ ಫೈಲ್ ರೂಟ್ ಹೆಸರಿನಲ್ಲಿದ್ದು, ಸೆಟ್‌ಯುಐಡಿ ಎಂಬ ವಿಶೇಷ ಗುರುತು ಹೊಂದಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಈ ಗುರುತು ಯೂನಿಕ್ಸ್ ಜನಕರಲ್ಲೊಬ್ಬರಾದ ಡೆನಿಸ್ ರಿಚಿ ಅವರ ಕಲ್ಪನೆ. 1979ರಲ್ಲಿ ಅದಕ್ಕೆ ಅಮೆರಿಕದ ಪೇಟೆಂಟ್ ಕೂಡ ಸಿಕ್ಕಿತ್ತು. ಫೆಡೋರಾ ಕುಟುಂಬದಲ್ಲಿ ಪ್ಯಾಕೇಜ್ ದಾಖಲೆಯಿಂದ ಅನುಮತಿಗಳನ್ನು ಮರಳಿಸುವ ಸೌಲಭ್ಯವಿದೆ. ಬಾಸ್, ಉಬುಂಟು ಸೇರಿದ ಡೆಬಿಯನ್ ಕುಟುಂಬದಲ್ಲಿ ಅಷ್ಟು ನೇರವಾದ ದಾರಿಯಿಲ್ಲ. ಅಲ್ಲಿ ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ, ಫೈಲ್‌ಗಳನ್ನು ಬೇರೆಡೆಗೆ ನಕಲಿಸಿ, ಸಿಸ್ಟಮ್ ಹೊಸದಾಗಿ ಹಾಕುವುದೇ ಕಡಿಮೆ ಸಮಯದ ಕೆಲಸ.

ಹೋಮ್ ಮಾತ್ರ ಕೆಟ್ಟಿದ್ದರೂ ಲೈವ್ ಯುಎಸ್‌ಬಿ ನೆರವಿಗೆ ಬರುತ್ತದೆ. ಆಗ ಹೆಸರಿನ ಬದಲು ಸಂಖ್ಯೆ ಬಳಸಬೇಕು, ಏಕೆಂದರೆ ಲೈವ್ ಸಿಸ್ಟಮ್‌ಗೆ ಗೀತಾ ಯಾರೆಂದು ತಿಳಿಯದು. ಡಿಸ್ಕ್‌ನಲ್ಲಿರುವ ‘/ಇಟಿಸಿ/ಪಾಸ್‌ಡಬ್ಲ್ಯೂಡಿ’ ಫೈಲ್ ತೆರೆದು ಆಕೆಯ ಸಾಲು ನೋಡಿದರೆ ಮೂರನೆಯ ಮತ್ತು ನಾಲ್ಕನೆಯ ಸ್ಥಾನದಲ್ಲಿ ಬಳಕೆದಾರ ಸಂಖ್ಯೆ, ಗುಂಪಿನ ಸಂಖ್ಯೆ ಸಿಗುತ್ತವೆ. ‘ಸಿಎಚ್‌ಓನ್ -ಆರ್ 1000:1000’ ಎಂಬ ರೂಪದಲ್ಲಿ ಅವನ್ನೇ ಕೊಡಬೇಕು.

ಹಂಚಿಕೊಳ್ಳುವ ಯಂತ್ರಕ್ಕೆ ಬೇರೆ ವ್ಯವಸ್ಥೆ

ಉಬುಂಟು 21.04ರಿಂದ ಹೊಸ ಹೋಮ್ ಫೋಲ್ಡರ್‌ಗಳ ಅನುಮತಿ 750. ಅದಕ್ಕೂ ಮೊದಲು 755 ಇದ್ದುದರಿಂದ ಒಬ್ಬರ ಫೈಲನ್ನು ಇನ್ನೊಬ್ಬರು ಓದಬಹುದಿತ್ತು. ‘ಮುಂಚೆ ಅಣ್ಣನ ಫೋಲ್ಡರ್ ಕಾಣುತ್ತಿತ್ತು, ಈಗ ಕಾಣುತ್ತಿಲ್ಲ’ ಎಂಬ ದೂರಿಗೆ ಇದು ಕಾರಣವಾಗಿರಬಹುದು, ಅದು ದೋಷವಲ್ಲ. ಶಾಲಾ ಲ್ಯಾಬ್‌ನಲ್ಲಾಗಲಿ ಮನೆಯಲ್ಲಾಗಲಿ ಹಂಚಿಕೊಳ್ಳಬೇಕಾದ ಕೆಲಸವನ್ನು ಯಾರದೋ ಹೋಮ್ ಒಳಗೆ ಇಡದೆ, ‘/ಹೋಮ್/ಹಂಚಿಕೆ’ ಎಂಬಂಥ ಪ್ರತ್ಯೇಕ ಫೋಲ್ಡರ್ ಮಾಡಿ ಒಂದು ಗುಂಪಿಗೆ ಕೊಡುವುದು ಸರಿಯಾದ ದಾರಿ. ಅದಕ್ಕೆ 2770 ಅನುಮತಿ ಕೊಟ್ಟರೆ ಮುಂದಿನ 2ರ ದೆಸೆಯಿಂದ ಒಳಗೆ ಹುಟ್ಟುವ ಹೊಸ ಫೈಲ್‌ಗಳೆಲ್ಲ ಆ ಗುಂಪಿಗೇ ಸೇರುತ್ತವೆ. ಗುಂಪಿನವರು ತಿದ್ದಲೂ ಆಗಬೇಕಿದ್ದರೆ ‘ಸೆಟ್‌ಎಫ್‌ಎಸಿಎಲ್ -ಡಿ -ಎಂ ಜಿ:ಗುಂಪು:ಆರ್‌ಡಬ್ಲ್ಯೂಎಕ್ಸ್’ ಎಂದು ಫೋಲ್ಡರ್‌ಗೆ ಶಾಶ್ವತ ನಿಯಮ ಹಾಕಬಹುದು. ಅಲ್ಲಿಗೆ ಫೈಲನ್ನು ನಕಲು ಮಾಡಿದರೆ ಹೊಸ ಗುಂಪು ಸಿಗುತ್ತದೆ, ‘ಎಂವಿ’ ಮೂಲಕ ಸರಿಸಿದರೆ ಹಳೆಯ ಗುಂಪೇ ಉಳಿಯುತ್ತದೆ.

ಬಳಕೆದಾರರನ್ನು ಗುಂಪಿಗೆ ಸೇರಿಸುವಾಗಲೂ ಎಚ್ಚರ ಬೇಕು. ‘ಯೂಸರ್‌ಮಾಡ್’ ಆದೇಶಕ್ಕೆ ದೊಡ್ಡ ‘-ಜಿ’ ಮಾತ್ರ ಕೊಟ್ಟು ‘-ಎ’ ಮರೆತರೆ ಹಿಂದಿನ ಹೆಚ್ಚುವರಿ ಗುಂಪುಗಳೆಲ್ಲ ಹೋಗುತ್ತವೆ, ಸುಡೊ ಹಕ್ಕೂ ಅದರ ಜತೆಗೆ. ‘ಸುಡೊ ಜಿಪಾಸ್‌ಡಬ್ಲ್ಯೂಡಿ -ಎ ಗೀತಾ ಗುಂಪು’ ಎಂಬುದರಲ್ಲಿ ಆ ಭಯವಿಲ್ಲ. ಲಾಗ್ ಔಟ್ ಮಾಡಿ ಮತ್ತೆ ಬಂದ ಮೇಲೆಯೇ ಹೊಸ ಗುಂಪು ಅನ್ವಯವಾಗುವುದು.

ಪೆನ್‌ಡ್ರೈವ್ ಮತ್ತು ವಿಂಡೋಸ್ ಭಾಗ

ಫ್ಯಾಟ್, ಎಕ್ಸ್‌ಫ್ಯಾಟ್ ಮಾದರಿಯ ಪೆನ್‌ಡ್ರೈವ್‌ಗಳಲ್ಲಿ ಮಾಲೀಕರ ಹೆಸರು ಬರೆದಿಡಲು ಜಾಗವೇ ಇಲ್ಲ. ಡ್ರೈವ್ ಜೋಡಿಸಿದವರೇ ಎಲ್ಲದರ ಮಾಲೀಕರಂತೆ ಕಾಣುತ್ತಾರೆ. ಅಲ್ಲಿ ಎಷ್ಟು ಸಲ ಸಿಎಚ್‌ಓನ್ ಕೊಟ್ಟರೂ ಉಪಯೋಗವಿಲ್ಲ. ಹೋಮ್ ಫೋಲ್ಡರನ್ನು ಹಾಗೆಯೇ ಅದಕ್ಕೆ ನಕಲಿಸಿ ಮರಳಿ ತಂದರೆ ಮೂಲ ಅನುಮತಿಗಳು ಕಳೆದುಹೋಗಿರುತ್ತವೆ. ಟಾರ್ ಕಡತವಾಗಿ ಕಟ್ಟಿ ಕೊಂಡೊಯ್ದರೆ ಆ ವಿವರಗಳು ಒಳಗೇ ಉಳಿಯುತ್ತವೆ.

ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇರುವ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಭಾಗಕ್ಕೆ ಬರೆಯಲಾಗದಿದ್ದರೆ ಕಾರಣ ಬಹುತೇಕ ವಿಂಡೋಸ್ 8ರಿಂದ ಬಂದ ‘ಫಾಸ್ಟ್ ಸ್ಟಾರ್ಟಪ್’. ಶಟ್‌ಡೌನ್ ಮಾಡಿದರೂ ವಿಂಡೋಸ್ ಅರೆನಿದ್ರೆಯಲ್ಲಿ ಉಳಿದು ಡಿಸ್ಕ್ ಮೇಲಿನ ಹಿಡಿತ ಬಿಟ್ಟಿರುವುದಿಲ್ಲ. ಆಗ ಲಿನಕ್ಸ್ ಅದನ್ನು ಓದಲು ಮಾತ್ರ ತೆರೆಯುತ್ತದೆ, ಇಲ್ಲವೇ ತೆರೆಯಲು ಒಪ್ಪುವುದಿಲ್ಲ. ವಿಂಡೋಸ್‌ಗೆ ಹೋಗಿ ಪವರ್ ಸೆಟ್ಟಿಂಗ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಪೂರ್ತಿ ಶಟ್‌ಡೌನ್ ಮಾಡಿದರೆ ಲಿನಕ್ಸ್‌ನಲ್ಲಿ ಏನೂ ಮುಟ್ಟದೆಯೇ ಬರೆಯಲು ಬರುತ್ತದೆ.